ಸವಕಲು ನಾಣ್ಯಕ್ಕೆ ಲಕ್ಷದ ಸವಾಲು

ಕಳೆದ ತಿಂಗಳು ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದಾಗ ಚಾಮರಾಜಪೇಟೆಯಲ್ಲಿ ಹಳೆಯ ಪರಿಚಯದ ಹಿರಿಯರೊಬ್ಬರ ಮನೆಗೆ ಹೋಗಿದ್ದೆವು. ಬಟ್ಟೆ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ನಿಂತು, ಗಿರಣಿ ಮುಚ್ಚಿದ ಮೇಲೆ ಮನೆ ಸೇರಿದವರು. ಕಾಫಿ ಕೊಟ್ಟರು. ಆಮೇಲೆ ಒಳಗೆ ಹೋಗಿ, ಲಕ್ಷ್ಮೀಪೂಜೆಯ ಪೆಟ್ಟಿಗೆಯಿಂದ ಒಂದು ಅರಿವೆಯ ಗಂಟು ತಂದು ನಮ್ಮ ಮುಂದೆ ಬಿಚ್ಚಿದರು.

“ಸ್ವಾಮಿ, ಇದರೊಳಗೆ ಒಂದಕ್ಕೆ ಐದು ಲಕ್ಷ ಕೊಡ್ತಾರಂತೆ” ಎಂದರು.

ಗಂಟಿನಲ್ಲಿದ್ದದ್ದು 1947ರ ಒಂದು ನಿಕ್ಕಲ್ ರೂಪಾಯಿ, ಯುದ್ಧಕಾಲದ ನಾಲ್ಕು ತೂತು ಕಾಸು, 2012ರಲ್ಲಿ ಹೊರಬಂದ ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಯ ನಾಣ್ಯ. 1947ರ ರೂಪಾಯಿಯ ಹಿಂಬದಿಯ ಹುಲಿ ಸವೆದು ಸವೆದು ಬೆಕ್ಕಿನ ಹಾಗೆ ಕಾಣುತ್ತಿತ್ತು. ಸವೆದ ನಾಣ್ಯವೊಂದಕ್ಕೆ ಆನ್‌ಲೈನ್ ಹರಾಜಿನಲ್ಲಿ ಲಕ್ಷಾಂತರ ರೂಪಾಯಿ ಸವಾಲು ಬಿತ್ತೆಂಬ ಸುದ್ದಿಯನ್ನು ಮೊಮ್ಮಗ ಫೋನಿನಲ್ಲಿ ತೋರಿಸಿದ್ದನಂತೆ. ಇವರು ತಮ್ಮ ನಾಣ್ಯದ ಚಿತ್ರ ತೆಗೆಸಿ ಹಾಕಿಸಿದರು. ಎರಡೇ ದಿನದಲ್ಲಿ ಗಿರಾಕಿ ಬಂದ. ಹೆಸರು ನೋಂದಾಯಿಸಲು 2,500 ರೂಪಾಯಿ ಕೇಳಿದ, ಕಳುಹಿಸಿದರು. ಈಗ ‘ತೆರಿಗೆ’ ಎಂದು 18,000 ಕೇಳುತ್ತಿದ್ದಾನೆ. ಮನೆಯಾಕೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು, ಗಾರ್ಮೆಂಟ್ಸ್‌ಗೆ ಹೋಗುವ ಸೊಸೆ ಕೂಡಿಟ್ಟ ಹಣ ಇದೆ. ಅದನ್ನು ಕಳುಹಿಸಬೇಕೋ ಬೇಡವೋ ಎಂಬುದೇ ಅವರ ಪ್ರಶ್ನೆ.

ಬೇಡವೆಂದೆವು. ಆದರೆ ಅವರು ಅಷ್ಟಕ್ಕೆ ಬಿಡಲಿಲ್ಲ. “ಹಾಗಾದರೆ ಲಕ್ಷಕ್ಕೆ ಹೋಯಿತು ಅಂತ ಬಂದದ್ದೆಲ್ಲ ಸುಳ್ಳೇ?” ಎಂದು ಕೇಳಿದರು. ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಪೂರ್ತಿ ಸುಳ್ಳಾಗಿದ್ದರೆ ಈ ಬಲೆಗೆ ಯಾರೂ ಬೀಳುತ್ತಿರಲಿಲ್ಲ. ಅದರಲ್ಲಿ ಅರೆಪಾಲು ನಿಜವಿದೆ, ಬಲೆಗೆ ನೂಲು ಅದೇ.

ಕೆಲವು ಸವಕಲು ನಾಣ್ಯಗಳಿಗೆ ನಿಜವಾಗಿಯೂ ದೊಡ್ಡ ಬೆಲೆಯಿದೆ. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಹೊಸ ರೂಪಾಯಿ ಹೊರಬಂತು. ದೊರೆಯ ಉಡುಪಿನ ಸರದಲ್ಲಿದ್ದ ಆನೆಗೆ ಸೊಂಡಿಲು ಗಿಡ್ಡವಾಗಿ, ಅದು ಹಂದಿಯ ಹಾಗೆ ಕಂಡಿತು. ಜನ ಕೆರಳಿದರು. ಟಂಕಿಸಿದ್ದ ಸುಮಾರು 94 ಲಕ್ಷ ನಾಣ್ಯಗಳಲ್ಲಿ 7 ಲಕ್ಷದಷ್ಟು ಮಾತ್ರ ಜನರ ಕೈಗೆ ಹೋಗಿತ್ತು. ಉಳಿದವನ್ನು ಕರಗಿಸಿ, 1912ರಲ್ಲಿ ಆನೆಯನ್ನು ತಿದ್ದಿ ಹೊಸದಾಗಿ ಅಚ್ಚು ಹಾಕಿದರು. ಆ ‘ಹಂದಿ ರೂಪಾಯಿ’ಯನ್ನು ಸಂಗ್ರಹಕಾರರು ಇಂದಿಗೂ ಹುಡುಕುತ್ತಾರೆ. 1939ರ ಬೆಳ್ಳಿ ರೂಪಾಯಿಯೂ ಅಂಥದೇ; ಸಿಗುವುದು ಬಲು ಅಪರೂಪ, ಆದ್ದರಿಂದಲೇ ಅದರ ನಕಲು ಮಾಡುವವರು ಹೆಚ್ಚು. ನಮ್ಮ ನಾಡಿನದೇ ಆದ ಟಿಪ್ಪುವಿನ ತಾಮ್ರದ ಆನೆ ಕಾಸುಗಳಿವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದು ಬರೆದ ನಾಣ್ಯಗಳಿವೆ. ಇವು ಸಂತೆಯಲ್ಲಿ, ಸುಂಕದ ಕಟ್ಟೆಯಲ್ಲಿ, ಕೂಲಿಯವನ ಸೊಂಟದಲ್ಲಿ ಓಡಾಡಿದ ಕಾಸುಗಳು. ಸವೆಯದೆ ಉಳಿದದ್ದು ಕಡಿಮೆ, ಸಿಗುವುದೆಲ್ಲ ಸವೆದದ್ದೇ. ಟಿಪ್ಪು ತಂದ ಮೌಲೂದಿ ಶಕೆಯ ಇಸವಿಯನ್ನು ಬಲದಿಂದ ಎಡಕ್ಕೆ ಓದಬೇಕು. ಒಂದು ಅಂಕಿ ಅಳಿಸಿದರೆ ಒಬ್ಬ ಒಂದು ಇಸವಿ ಓದುತ್ತಾನೆ, ಇನ್ನೊಬ್ಬ ಇನ್ನೊಂದು. ಸವಕಲು ನಾಣ್ಯದ ಮೇಲೆ ಸವಾಲು ಅನಿರೀಕ್ಷಿತವಾಗಿ ಏರಲು ಅದೂ ಒಂದು ಕಾರಣ. ತನಗೊಬ್ಬನಿಗೇ ಗುಟ್ಟು ಗೊತ್ತಾಗಿದೆಯೆಂದು ನಂಬಿದ ಇಬ್ಬರು ಎದುರುಬದುರು ನಿಂತರೆ ಸಾಕು.

ದೂರದ ಅಮೆರಿಕದಲ್ಲೂ ಹೀಗೆಯೇ. 1943ರಲ್ಲಿ ಯುದ್ಧಕ್ಕೆ ತಾಮ್ರ ಉಳಿಸಬೇಕೆಂದು ಅಲ್ಲಿ ಒಂದು ಸೆಂಟಿನ ನಾಣ್ಯವನ್ನು ಉಕ್ಕಿನಲ್ಲಿ ಹೊಡೆದರು. ಹಳೆಯ ತಾಮ್ರದ ಬಿಲ್ಲೆ ಕೆಲವು ಯಂತ್ರದಲ್ಲೇ ಉಳಿದಿದ್ದು, ಅವೂ ಅಚ್ಚಾಗಿಬಿಟ್ಟವು. ಅಂಥದೊಂದು 1947ರಲ್ಲಿ ಶಾಲಾ ಹುಡುಗನೊಬ್ಬನಿಗೆ ಊಟದ ಚಿಲ್ಲರೆಯಲ್ಲಿ ಸಿಕ್ಕಿತು. 2019ರ ಹರಾಜಿನಲ್ಲಿ ಅದು 2,04,000 ಡಾಲರಿಗೆ ಹೋಯಿತು. ಇದೆಲ್ಲ ನಿಜವೇ. ಆದರೆ ಅಂಥ ನಾಣ್ಯ ಬೆರಳೆಣಿಕೆಯಷ್ಟು.

ಈಗ ಸವಾಲಿನ ಲೆಕ್ಕ ನೋಡೋಣ. ಗಣೇಶನ ಪೆಂಡಾಲಿನಲ್ಲಿ ವಿಸರ್ಜನೆಯ ದಿನ ದೇವರ ಮುಂದಿನ ಹಾರ, ಲಾಡು, ತೆಂಗಿನಕಾಯಿಗಳನ್ನು ಹರಾಜು ಕೂಗುವುದನ್ನು ವಾಚಕರು ಕಂಡೇ ಇದ್ದೀರಿ. ಬೀದಿಯ ಇಬ್ಬರು ಅಂಗಡಿಯವರು ಹಟಕ್ಕೆ ಬಿದ್ದರೆ ಒಂದು ತೆಂಗಿನಕಾಯಿ ಹತ್ತು ಸಾವಿರಕ್ಕೆ ಹೋದೀತು. ಮಾರನೆಯ ದಿನ ಯಾವ ರೈತನೂ ಒಂದು ಲೋಡು ಕಾಯಿ ತಂದು ‘ಒಂದಕ್ಕೆ ಹತ್ತು ಸಾವಿರ ಕೊಡಿ’ ಎಂದು ಕೇಳುವುದಿಲ್ಲ. ಅದು ಕಾಯಿಯ ಬೆಲೆಯಲ್ಲ, ಹಟದ ಬೆಲೆಯೆಂದು ಎಲ್ಲರಿಗೂ ಗೊತ್ತು.

ಆನ್‌ಲೈನ್ ಹರಾಜಿನಲ್ಲೂ ನಡೆಯುವುದು ಇದೇ. ಒಂದು ನಾಣ್ಯಕ್ಕೆ ಹತ್ತು ಜನ ಸವಾಲು ಹಾಕಿದರೆನ್ನಿ. ಎಂಟು ಜನ 500 ರೂಪಾಯಿಗೆ ನಿಲ್ಲುತ್ತಾರೆ. ಒಂಬತ್ತನೆಯವನು 20,000ದ ತನಕ ಸಿದ್ಧ, ಹತ್ತನೆಯವನು 25,000ದ ತನಕ ಸಿದ್ಧ. ಕೊನೆಯ ಕೂಗು 20,000ವನ್ನು ಸ್ವಲ್ಪ ದಾಟಿ ನಿಲ್ಲುತ್ತದೆ. ಎಂಟು ಜನರ ತೀರ್ಪಿನಲ್ಲಿ ನಾಣ್ಯದ ಬೆಲೆ ಐನೂರೇ! ಮುಂದಿನ ವಾರ ಅದೇ ನಾಣ್ಯದ ಜೊತೆಯದು ಬಂದರೆ ಗೆದ್ದವನಿಗೆ ಅದು ಬೇಕಿಲ್ಲ. ಸೋತವನ ಎದುರಿಗೆ ಏರಿಸುವವನಿಲ್ಲ. ಬೆಲೆ ಮತ್ತೆ ಐನೂರರ ಸುತ್ತಿಗೆ ಇಳಿಯುತ್ತದೆ. ಸುದ್ದಿಯಾಗುವುದು ಮಾತ್ರ ಮೊದಲನೆಯ ವಾರದ್ದು. ಮಾರುವವನೇ ತನ್ನ ಕಡೆಯವನನ್ನು ನಿಲ್ಲಿಸಿ ಸವಾಲು ಏರಿಸುವ ಹಳೆಯ ಕಸುಬು ಪರದೆಯ ಹಿಂದೆ ಇನ್ನೂ ಸುಲಭ. ಹರಾಜು ಕಟ್ಟೆಯಲ್ಲಾದರೆ ಮುಖವಾದರೂ ಕಾಣುತ್ತಿತ್ತು. ಕೊಂಡವನಿಂದಲೂ ಮಾರಿದವನಿಂದಲೂ ಹರಾಜು ನಡೆಸುವವರು ದಳ್ಳಾಳಿ ಪಡೆಯುವುದುಂಟು. ಕೂಗು ಏರಿದಷ್ಟೂ ಅವರಿಗೆ ಲಾಭವೇ.

ಇನ್ನು ಸವೆತದ ಮಾತು. ಒಂದು ಕಾಲದಲ್ಲಿ ಈ ಸವೆತವೇ ಬಡವನ ತಲೆನೋವಾಗಿತ್ತು. ಬ್ರಿಟಿಷರ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತಿತ್ತು, ಅಂದರೆ ಇಂದಿನ ಲೆಕ್ಕದಲ್ಲಿ 11.66 ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 1906ರ ನಾಣ್ಯ ಕಾಯ್ದೆಯ ಪ್ರಕಾರ ಆ ತೂಕದಲ್ಲಿ ನೂರಕ್ಕೆ ಎರಡಕ್ಕಿಂತ ಹೆಚ್ಚು ಸವೆದ ರೂಪಾಯಿಯನ್ನು ಪಾವತಿಗೆ ತೆಗೆದುಕೊಳ್ಳಲೇಬೇಕೆಂಬ ಕಟ್ಟುಪಾಡಿರಲಿಲ್ಲ. ಸಾಹುಕಾರ ಕಲ್ಲಿನ ಮೇಲೆ ಕುಟ್ಟಿ ನಾದ ಕೇಳುತ್ತಿದ್ದ, ಅಂಚನ್ನು ಸವರಿ ನೋಡುತ್ತಿದ್ದ, ‘ಸವೆದಿದೆ, ಬೇರೆ ಕೊಡು’ ಎಂದು ಎಸೆಯುತ್ತಿದ್ದ. ಬಳಕೆಯಿಂದ ಸವೆಸಿದವರು ಯಾರು? ಹಮಾಲಿ, ಹೂವಾಡಗಿತ್ತಿ, ಗಾಡಿಯವನು, ಗಿರಣಿಯಾಳು. ಶ್ರೀಮಂತನ ತಿಜೋರಿಯಲ್ಲಿ ಮಲಗಿದ ನಾಣ್ಯ ಸವೆಯುವುದಿಲ್ಲ. ಇಂದು ಅದೇ ಸವಕಲಿಗೆ ಕೂಗು ಏರಿದಾಗ ಆ ಹಣ ಯಾರಿಗೆ ಹೋಗುತ್ತದೆ?

ನಮ್ಮ ಹಿರಿಯರನ್ನೇ ಕೇಳಿದೆವು, “ಪೆಟ್ಟಿಗೆಯಲ್ಲಿ ಬೆಳ್ಳಿ ರೂಪಾಯಿ ಇರಲಿಲ್ಲವೇ?” ಎಂದು. ಇದ್ದವಂತೆ, ಮೂರು. ಅವರ ತಾಯಿಯ ಕಾಲದವು. ಮಗಳ ಬಾಣಂತನಕ್ಕೆ ಹಣ ಸಾಲದೆ ಪೇಟೆಯ ಅಂಗಡಿಯೊಂದರಲ್ಲಿ ಕೊಟ್ಟರಂತೆ. ಅಂಗಡಿಯವನು ತಕ್ಕಡಿಗೆ ಹಾಕಿ, ಸವೆತಕ್ಕೆಂದು ಇಷ್ಟು, ಕರಗಿಸುವ ಖರ್ಚಿಗೆಂದು ಇಷ್ಟು ಕಳೆದು ಹಣ ಎಣಿಸಿದ.

“ಯಾವ ಇಸವಿಯದು?”

“ಅದನ್ನ ಯಾರು ನೋಡಿದರು ಸ್ವಾಮಿ? ದೊರೆ ತಲೆ ಇತ್ತು.”

ಆ ಮೂರರಲ್ಲಿ ಅಪರೂಪದ್ದು ಇತ್ತೋ ಇಲ್ಲವೋ ದೇವರೇ ಬಲ್ಲ. ಇರದಿರುವ ಸಂಭವವೇ ಹೆಚ್ಚು. ಆದರೆ ಇಸವಿ ನೋಡಬೇಕೆಂಬುದು ತಕ್ಕಡಿ ಹಿಡಿದವನಿಗೆ ಗೊತ್ತಿತ್ತು, ಕೊಟ್ಟವರಿಗೆ ಗೊತ್ತಿರಲಿಲ್ಲ. ವ್ಯಾಪಾರದ ಲಾಭವೆಲ್ಲ ಈ ಎರಡರ ನಡುವಿನ ಸಂದಿಯಲ್ಲಿದೆ. ನಿಜವಾದ ಬೆಲೆಯ ನಾಣ್ಯ ಬಡವರ ಮನೆಯಿಂದ ತೂಕಕ್ಕೆ ಹೊರಡುತ್ತದೆ. ಬೆಲೆಯಿಲ್ಲದ ನಾಣ್ಯ ಹಿಡಿದು ಅದೇ ಬಡವರು ಲಕ್ಷದ ಕನಸು ಕಾಣುತ್ತಾರೆ. ನಮ್ಮನ್ನು ಕೇಳಿದರೆ ಈ ವಿಷಯದಲ್ಲಿ ಆಗುತ್ತಿರುವ ಅನ್ಯಾಯ ಇದೇ.

1947ರ ರೂಪಾಯಿಯನ್ನು ಕೋಟಿಗಟ್ಟಲೆ ಟಂಕಿಸಿದ್ದರು. ತೂತು ಕಾಸು 1943ರಿಂದ 1947ರ ತನಕ ಬಂದದ್ದು, ಲೋಹ ಉಳಿಸಲೆಂದೇ ನಡುವೆ ತೂತು. ಇಂದಿಗೂ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಗೋಣಿತಾಟಿನ ಮೇಲೆ ಹರವಿಕೊಂಡು ಕೂತವರನ್ನು ನಾವೇ ಕಂಡಿದ್ದೇವೆ. ಇಂಥ ಸಾಮಾನ್ಯ ನಾಣ್ಯಗಳನ್ನೇ ಠಕ್ಕರು ಆರಿಸಿಕೊಳ್ಳುವುದು, ಏಕೆಂದರೆ ಅವು ಮನೆಮನೆಯಲ್ಲಿವೆ. 2021ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆಯ ಶಿಕ್ಷಕಿಯೊಬ್ಬರು 1947ರ ನಾಣ್ಯವೊಂದನ್ನು ಮಾರಲು ಜಾಹೀರಾತು ಕೊಟ್ಟು, ಒಂದು ಕೋಟಿ ಕೊಡುತ್ತೇನೆಂದವನ ಮಾತು ನಂಬಿ, ಒಂದು ಲಕ್ಷ ಕಳೆದುಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಓದು ಬಲ್ಲವರ ಪಾಡೇ ಹೀಗೆ. ಅದೇ ವರ್ಷ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಿ, ಹಳೆಯ ನೋಟು ನಾಣ್ಯಗಳ ಕೊಳ್ಳುವ ಮಾರುವ ವ್ಯವಹಾರ ತನಗಿಲ್ಲ, ಅದಕ್ಕಾಗಿ ತಾನು ಶುಲ್ಕವನ್ನಾಗಲಿ ದಳ್ಳಾಳಿಯನ್ನಾಗಲಿ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ವಸೂಲು ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಒಳ್ಳೆಯದೇ. ಆದರೆ ಆ ಪ್ರಕಟಣೆ ಚಾಮರಾಜಪೇಟೆಯ ಈ ಮನೆಗೆ ಬರಲಿಲ್ಲ, ಠಕ್ಕನ ಕರೆ ಬಂತು.

‘ಜನರಿಗೆ ದುರಾಸೆ, ಅನುಭವಿಸಲಿ’ ಎನ್ನುವ ದೊಡ್ಡ ಮನುಷ್ಯರಿದ್ದಾರೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ಷೇರು ಪೇಟೆಯಲ್ಲಿ ಹಾಕಿದ ಹಣ ದುಪ್ಪಟ್ಟಾಗಲಿ ಎಂದು ಕಾಯುವವನದು ವ್ಯವಹಾರಜ್ಞಾನ, ಹೆಂಡತಿಯ ಕಣ್ಣಿಗಾಗಿ ಪೆಟ್ಟಿಗೆ ತಡಕಿದವರದು ದುರಾಸೆಯೇ? ಮೂವತ್ತು ವರ್ಷ ದುಡಿದವರಿಗೆ ಮುಪ್ಪಿನಲ್ಲಿ ಮಾನದಿಂದ ಬದುಕುವಷ್ಟು ಪಿಂಚಣಿ ಇದ್ದಿದ್ದರೆ ಅವರು ಸವಕಲು ಹುಲಿಯ ಮುಂದೆ ಕೈ ಜೋಡಿಸುತ್ತಿರಲಿಲ್ಲ.

ಆಗಬೇಕಾದ ಕೆಲಸ ಕಷ್ಟದ್ದಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯವಿದೆ; ನಾಣ್ಯ ಬಲ್ಲ ವಿದ್ವಾಂಸರು ನಾಡಿನಲ್ಲಿದ್ದಾರೆ. ತಿಂಗಳಿಗೊಂದು ದಿನ, ಅಲ್ಲಿಯೂ ಪ್ರತಿ ಜಿಲ್ಲಾ ಕೇಂದ್ರದಲ್ಲಿಯೂ, ಮನೆಯ ನಾಣ್ಯ ತಂದವರಿಗೆ ‘ಇದು ಇಂಥದು, ಇದಕ್ಕೆ ಇಷ್ಟು’ ಎಂದು ಕಾಸು ಪಡೆಯದೆ ಹೇಳುವ ಏರ್ಪಾಡನ್ನು ಸರ್ಕಾರ ಮಾಡಲಿ. ಹರಾಜು ನಡೆಸುವವರು ಏರಿದ ಕೂಗನ್ನು ಸಾರುವಂತೆಯೇ ಇಳಿದ ಕೂಗನ್ನೂ ಪ್ರಕಟಿಸಬೇಕೆಂದು ಕಟ್ಟಳೆಯಾಗಲಿ. ನಮ್ಮ ಸಣ್ಣ ವರ್ತಕ ಮಿತ್ರರಲ್ಲೂ ಒಂದು ಬಿನ್ನಹ: ಹಳೆಯ ಬೆಳ್ಳಿ ರೂಪಾಯಿ ತೂಕಕ್ಕೆ ಬಂದಾಗ ಇಸವಿಯನ್ನು ಗಟ್ಟಿಯಾಗಿ ಓದಿ ಹೇಳಿ. ಅಷ್ಟರಿಂದ ಅಂಗಡಿ ಮುಳುಗದು.

ವಾಚಕರೂ ಮನೆಯಲ್ಲಿರುವುದನ್ನು ಒಮ್ಮೆ ನೋಡಿಕೊಳ್ಳಿ. ಇಸವಿಯ ಕೆಳಗೆ ಚಿಕ್ಕ ಗುರುತಿದ್ದರೆ ಅದು ಟಂಕಸಾಲೆಯದು: ಈಗಿನ ನಾಣ್ಯಗಳಲ್ಲಿ ವಜ್ರಾಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕಲ್ಕತ್ತೆ. ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಉಜ್ಜಿದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಇಳಿಸುತ್ತಾರೆ. ಕೊಳ್ಳುವವನು ಮಾರುವವನಿಂದ ಮೊದಲೇ ಹಣ ಕೇಳಿದರೆ ಅವನು ಕೊಳ್ಳುವವನಲ್ಲ.

ನಮ್ಮ ಹಿರಿಯರು 18,000 ಕಳುಹಿಸಲಿಲ್ಲ. ಅಂದೇ ಸಂಜೆ 1930 ಎಂಬ ಸಹಾಯವಾಣಿಗೆ ಕರೆ ಮಾಡಿ, ಮೊದಲು ಹೋದ 2,500ಕ್ಕೆ ದೂರು ಬರೆಸಿದೆವು. ದೂರಿನ ಸಂಖ್ಯೆ ಕೊಟ್ಟಿದ್ದಾರೆ. ಹಣ ಇನ್ನೂ ಬಂದಿಲ್ಲ. ಬಂದರೆ ಇದೇ ಪುಟದಲ್ಲಿ ತಿಳಿಸುತ್ತೇವೆ.