ಭಾವಬುದ್ಧಿಯ ಪಾಠ ಯಾರಿಗೆ?

ಬೆಳಿಗ್ಗೆ ಜ್ಞಾನಭಾರತಿ ಮೆಟ್ರೊ ನಿಲ್ದಾಣದಲ್ಲಿ ಇಳಿಯುವವರ ಪೈಕಿ ಅಧ್ಯಾಪಕರನ್ನು ಗುರುತಿಸುವುದು ಕಷ್ಟವಲ್ಲ. ಆದರೆ ಅವರಲ್ಲಿ ಖಾಯಂ ಯಾರು, ಅತಿಥಿ ಯಾರು ಎಂಬುದು ಮುಖ ನೋಡಿ ತಿಳಿಯುವಂಥದ್ದಲ್ಲ. ಎದುರಿಗೆ ಕುಳಿತ ವಿದ್ಯಾರ್ಥಿಗೂ ತಿಳಿಯದು. ಪಠ್ಯಕ್ರಮ ಒಂದೇ, ಪರೀಕ್ಷೆ ಒಂದೇ. ವ್ಯತ್ಯಾಸ ಗೋಚರಿಸುವುದು ತಿಂಗಳ ಕೊನೆಯಲ್ಲಿ ಮತ್ತು ಶೈಕ್ಷಣಿಕ ವರ್ಷದ ಕೊನೆಯಲ್ಲಿ.

ನಮ್ಮ ಉನ್ನತ ಶಿಕ್ಷಣ ವಲಯ ಈಗ 'ಭಾವನಾತ್ಮಕ ಬುದ್ಧಿಮತ್ತೆ' ಎಂಬ ಮಾತಿಗೆ ಮಾರುಹೋಗಿದೆ. ತನ್ನ ಹಾಗೂ ಇತರರ ಭಾವನೆಗಳನ್ನು ಅರಿತು ನಿಭಾಯಿಸಬಲ್ಲವರು ಕೆಲಸದಲ್ಲಿ ಹೆಚ್ಚು ತೊಡಗಿಕೊಳ್ಳುತ್ತಾರೆ ಎಂಬುದು ಅಧ್ಯಾಪಕರಿಗೆ ನಡೆಯುವ ಕಾರ್ಯಾಗಾರಗಳ ಸಾರ. ಪೀಟರ್ ಸಲೊವೆ ಮತ್ತು ಜಾನ್ ಮೇಯರ್ 1990ರಲ್ಲಿ ಈ ಪರಿಕಲ್ಪನೆಗೆ ಶಾಸ್ತ್ರೀಯ ರೂಪ ಕೊಟ್ಟರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಅವರ ಪುಸ್ತಕ ಅದನ್ನು ಮನೆಮಾತಾಗಿಸಿತು. ಅದೇ 1990ರಲ್ಲಿ ವಿಲಿಯಂ ಕಾನ್ ಎಂಬ ವಿದ್ವಾಂಸರು, ಬೇಸಿಗೆ ಶಿಬಿರವೊಂದರ ಮಾರ್ಗದರ್ಶಕರನ್ನೂ ವಾಸ್ತುಶಿಲ್ಪ ಸಂಸ್ಥೆಯೊಂದರ ಸಿಬ್ಬಂದಿಯನ್ನೂ ಗಮನಿಸಿ, ಮನುಷ್ಯ ಕೆಲಸದಲ್ಲಿ ತನ್ನನ್ನು ತೊಡಗಿಸಿಕೊಳ್ಳಲು ಮೂರು ಸ್ಥಿತಿಗಳು ಬೇಕೆಂದರು. ಕೆಲಸಕ್ಕೆ ಅರ್ಥವಿದೆ ಎನ್ನಿಸಬೇಕು. ಮನಬಿಚ್ಚಿ ನಡೆದುಕೊಂಡರೆ ಸ್ಥಾನಕ್ಕೆ, ವೃತ್ತಿಗೆ ಕುತ್ತು ಬಾರದೆಂಬ ಭರವಸೆ ಇರಬೇಕು. ಮೈಮನಗಳಲ್ಲಿ ತ್ರಾಣ ಉಳಿದಿರಬೇಕು. ಕಾರ್ಯಾಗಾರಗಳಿಗೆ ಸಲೊವೆ ನೆನಪಿದ್ದಾರೆ. ಕಾನ್ ಹೇಳಿದ ಎರಡನೆಯ ಮಾತು ಮರೆತಿದೆ.

ವಿಜಯನಗರ, ಕೆಂಗೇರಿಗಳಂಥ ಬಡಾವಣೆಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನೂ ಒಳಗೊಂಡಂತೆ ರಾಜ್ಯದಾದ್ಯಂತ ಬೋಧನೆಯ ಭಾರ ಹೊತ್ತವರು ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರು. 2022ರ ಜನವರಿಯಲ್ಲಿ ಅವರ ಗೌರವಧನ ಅರ್ಹತೆ, ಅನುಭವಗಳನ್ನು ಅವಲಂಬಿಸಿ 26ರಿಂದ 32 ಸಾವಿರ ರೂಪಾಯಿಗೆ ಏರಿತು. ಜೊತೆಗೇ ವಾರದ ಕಾರ್ಯಭಾರವೂ 15 ಗಂಟೆಗೆ ಏರಿದ್ದರಿಂದ ಅನೇಕರಿಗೆ ಅವಕಾಶವೇ ತಪ್ಪಿತು. 2023ರ ನವೆಂಬರ್‌ನಲ್ಲಿ ಖಾಯಮಾತಿಗಾಗಿ ಮುಷ್ಕರ ಆರಂಭವಾಯಿತು. 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಯಿತು. ಸರ್ಕಾರ 5ರಿಂದ 8 ಸಾವಿರ ರೂಪಾಯಿ ಹೆಚ್ಚಳ ಹಾಗೂ ಆರೋಗ್ಯ ವಿಮೆ ಘೋಷಿಸಿತು. ಖಾಯಮಾತಿ ಮಾತ್ರ ಸಿಗಲಿಲ್ಲ.

ಹಾಗೆಂದು ಖಾಯಂ ಆದವರೆಲ್ಲ ಕೆಲಸದಲ್ಲಿ ಮುಳುಗಿರುತ್ತಾರೆ ಎಂದು ನಂಬುವಷ್ಟು ಮುಗ್ಧರು ಯಾರೂ ಇಲ್ಲ. ಅವರದೂ ಬೇರೆ ಸಂಕಟ: ನ್ಯಾಕ್ ಕಡತ, ಪರೀಕ್ಷಾ ಕೆಲಸ, ಭರ್ತಿಯಾಗದ ಹುದ್ದೆಗಳ ಹೊರೆ. ಭಾವಬುದ್ಧಿ ಅನಗತ್ಯವೆಂಬುದೂ ನನ್ನ ವಾದವಲ್ಲ. ಮಾಗಡಿ ಕಡೆಯಿಂದ ಬಸ್ಸು ಬದಲಿಸಿ ಬರುವ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವ ಹುಡುಗಿ ಹಿಂದಿನ ಬೆಂಚಿನಲ್ಲಿ ಮಾತು ಬಿಟ್ಟು ಕುಳಿತರೆ, ಆ ಮೌನವನ್ನು ಓದಬಲ್ಲ ಅಧ್ಯಾಪಕರು ಬೇಕು. ಆದರೆ ಹಾಗೆ ಓದಲು ಅವಳನ್ನು ಒಂದೆರಡು ವರ್ಷವಾದರೂ ಬಲ್ಲವರಾಗಿರಬೇಕು. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ತಿಳಿಯದವರು, ಪ್ರಾಂಶುಪಾಲರಿಗೆ ಅಪ್ರಿಯವಾದೀತೆಂದು ಸಭೆಯಲ್ಲಿ ತುಟಿ ಬಿಚ್ಚದವರು, ತಮ್ಮ ಭಾವನೆಗಳನ್ನು ಈಗಾಗಲೇ ಬೇಕಾದಷ್ಟು ನಿಭಾಯಿಸುತ್ತಿದ್ದಾರೆ.

ಗುತ್ತಿಗೆ ಬೋಧಕರ ಸಂಖ್ಯೆ ಒಟ್ಟು ಹುದ್ದೆಗಳ ಶೇ 10ನ್ನು ಮೀರಬಾರದೆಂದು ಯುಜಿಸಿಯ 2018ರ ನಿಯಮಾವಳಿ ಹೇಳಿತ್ತು. 2025ರ ಜನವರಿಯಲ್ಲಿ ಅದೇ ಆಯೋಗ ಪ್ರಕಟಿಸಿದ ಕರಡಿನಲ್ಲಿ ಆ ಮಿತಿಯೇ ಇರಲಿಲ್ಲ.