ಮಡಿಕೇರಿ ತೋರಿಸಲು ಆಟೋ ಸಾಕು, ಆದರೆ ದರಪಟ್ಟಿ ಬೇಕು

ಮಡಿಕೇರಿಗೆ ರೈಲಿಲ್ಲ, ವಿಮಾನವಿಲ್ಲ. ಮೈಸೂರು ಕಡೆಯಿಂದಾಗಲಿ ಮಂಗಳೂರು ಕಡೆಯಿಂದಾಗಲಿ ಬರುವವರೆಲ್ಲ ರಸ್ತೆಯಲ್ಲೇ ಘಾಟಿ ಹತ್ತಿ ಬರಬೇಕು. ಬಂದ ಮೇಲೂ ಹತ್ತೋದು ಇಳಿಯೋದು ತಪ್ಪೋದಿಲ್ಲ. ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದ ಊರಿದು. ಒಂದು ಬೀದಿಯ ಮನೆಯ ಅಂಗಳ ಕೆಳಗಿನ ಬೀದಿಯ ಮನೆಯ ಹೆಂಚಿಗೆ ಸಮ. 1681ರಲ್ಲಿ ಹಾಲೇರಿ ವಂಶದ ಮುದ್ದುರಾಜ ಇಲ್ಲಿ ರಾಜಧಾನಿ ಕಟ್ಟಿದಾಗ ಅವನಿಗೆ ಬೇಕಾಗಿದ್ದದ್ದು ಶತ್ರು ಸುಲಭವಾಗಿ ಹತ್ತಲಾರದ ಗುಡ್ಡ. ಮುಂದೊಂದು ದಿನ ಐವತ್ತು ಸೀಟಿನ ಬಸ್ಸು ಬಂದು ಇಲ್ಲಿ ತಿರುಗಬೇಕಾಗುತ್ತದೆ ಎಂದು ಅವನಿಗೆ ಯಾರು ಹೇಳಿದ್ದರು?

ಈಗ ಶನಿವಾರ ಬಂತೆಂದರೆ ಸಾಕು, ಹೊರಗಿನ ಕಾರು, ಟೆಂಪೋ ಟ್ರಾವೆಲರ್, ಟೂರಿಸ್ಟ್ ಬಸ್ಸು ಎಲ್ಲ ಒಟ್ಟಿಗೇ ಊರೊಳಗೆ ನುಗ್ಗುತ್ತವೆ. ರಾಜಾಸೀಟ್ ರಸ್ತೆ ಕಟ್ಟಿಕೊಳ್ಳುತ್ತದೆ. ಕೋಟೆ ಏರು ಕಟ್ಟಿಕೊಳ್ಳುತ್ತದೆ. ಜನರಲ್ ತಿಮ್ಮಯ್ಯ ವೃತ್ತದಲ್ಲಿ ನಿಂತವರಿಗೆ ರಸ್ತೆ ದಾಟೋದೇ ಒಂದು ಸಾಹಸ. ಅದೇ ವೃತ್ತದಲ್ಲಿ 2023ರ ಆಗಸ್ಟ್‌ನಲ್ಲಿ ಬಸ್ಸೊಂದು ಬಡಿದು ತಿಮ್ಮಯ್ಯನವರ ಪ್ರತಿಮೆಯೇ ಕೆಳಗುರುಳಿದ್ದನ್ನು ಊರು ಮರೆತಿಲ್ಲ. ದುರಸ್ತಿ ಮಾಡಿ ಮತ್ತೆ ನಿಲ್ಲಿಸಿದ್ದಾಯಿತು. ಆದರೆ ದೊಡ್ಡ ಗಾಡಿಗಳಿಗೂ ಈ ಇಕ್ಕಟ್ಟಿನ ರಸ್ತೆಗಳಿಗೂ ಆಗಿಬರೋದಿಲ್ಲ ಅನ್ನೋ ಮಾತು ಹಾಗೇ ಉಳಿದಿದೆ.

ಹಾಗಾದರೆ ಬಂದವರು ಊರು ನೋಡೋದು ಬೇಡವೇ? ನೋಡಲಿ ಸ್ವಾಮಿ, ಚೆನ್ನಾಗಿ ನೋಡಲಿ. ದೊಡ್ಡ ಗಾಡಿಯನ್ನು ಊರಾಚೆ ನಿಲ್ಲಿಸಿ ನಮ್ಮ ಮೂರು ಗಾಲಿಯ ಆಟೋದಲ್ಲಿ ಕೂತು ನೋಡಲಿ. ಮೂರೇ ಜನ, ಮೂರು ಗಂಟೆ, ಜೊತೆಗೆ ಕಥೆ ಹೇಳೋ ಚಾಲಕ. ಇದೇ ಇಂದಿನ ನಮ್ಮ ಸಲಹೆ.

ಈಗ ನಡೆಯುತ್ತಿರುವುದೇನು?

ಆಟೋದಲ್ಲಿ ಊರು ಸುತ್ತಿಸುವುದು ಹೊಸದೇನಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗು ಹಿಡಿದು ಇಳಿದವರನ್ನು ಕಂಡ ಕೂಡಲೇ "ರಾಜಾಸೀಟ್, ಕೋಟೆ, ಓಂಕಾರೇಶ್ವರ, ಗದ್ದುಗೆ, ಅಬ್ಬಿ ಫಾಲ್ಸ್, ಬರ್ತೀರಾ?" ಎಂಬ ಕೂಗು ಎಷ್ಟೋ ವರ್ಷದಿಂದ ಇದೆ. "ಎಷ್ಟಾಗುತ್ತಣ್ಣ?" ಅಂದರೆ ಒಬ್ಬ ಒಂದು ಹೇಳ್ತಾನೆ, ಪಕ್ಕದವನು ಇನ್ನೊಂದು ಹೇಳ್ತಾನೆ. ಮೀಟರ್ ಹಾಕಿ ಅಂದರೆ ಇಬ್ಬರೂ ನಗ್ತಾರೆ.

ನಗೋದರಲ್ಲೂ ಅರ್ಥ ಇದೆ. ಮೀಟರ್ ಇರುವುದು ಇಲ್ಲಿಂದ ಅಲ್ಲಿಗೆ ಬಿಟ್ಟು ಬರುವ ಬಾಡಿಗೆಗೆ. ಊರು ತೋರಿಸುವ ಬಾಡಿಗೆಯಲ್ಲಿ ಓಡುವುದು ಕಡಿಮೆ, ಕಾಯುವುದು ಹೆಚ್ಚು. ಏರಿನಲ್ಲಿ ಎಣ್ಣೆ ಕುಡಿಯುವ ಗಾಡಿ, ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಮಳೆಗಾಲದಲ್ಲಿ ಬಡಕಲಾಗುವ ವ್ಯಾಪಾರ. ಚಾಲಕನ ಕಷ್ಟ ಚಾಲಕನಿಗೇ ಗೊತ್ತು. ಆದರೆ ಬಂದವನಿಗೆ ಅದೆಲ್ಲ ಗೊತ್ತಿರೋದಿಲ್ಲವಲ್ಲ? ಮೋಸ ಹೋದೆ ಎಂದುಕೊಂಡೇ ಅವನು ಊರು ಬಿಡುತ್ತಾನೆ. ಒಬ್ಬ ಚಾಲಕ ಹೆಚ್ಚು ಕೇಳಿದರೆ ಹತ್ತು ಜನ ಪ್ರಾಮಾಣಿಕರಿಗೂ ಅದೇ ಹೆಸರು.

2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲಂತೂ ಸ್ವಂತ ಕಾರಿಲ್ಲದ ಮನೆಗಳ ಅಮ್ಮಂದಿರು, ಅಕ್ಕಂದಿರು ಗುಂಪಾಗಿ ಊರು ನೋಡಲು ಹೊರಡುವುದು ಸಾಮಾನ್ಯವಾಗಿದೆ. ಅವರಿಗೆ ಟ್ಯಾಕ್ಸಿ ದುಬಾರಿ. ನಡೆಯೋಣವೆಂದರೆ ಎಲ್ಲ ಕಡೆ ಏರು. ಇಂಥವರಿಗೆ ಬೇಕಾದದ್ದು ನ್ಯಾಯವಾದ ಬಾಡಿಗೆಯ ಒಂದು ಆಟೋ. ಆದರೆ ಅದನ್ನು ಬಸ್ ಸ್ಟ್ಯಾಂಡಿನಲ್ಲೇ ಚೌಕಾಸಿ ಮಾಡಿ ಹಿಡಿಯಬೇಕಾಗಿದೆ.

ತೋರಿಸುವುದು ಸರಿ, ಹೇಳುವವರು ಯಾರು?

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಕೋಟೆ ಬಾಗಿಲಲ್ಲಿ ಇಳಿಸಿ "ನೋಡ್ಕೊಂಡು ಬನ್ನಿ, ಇಲ್ಲೇ ಇರ್ತೀನಿ" ಅಂದುಬಿಟ್ಟರೆ ಬಂದವನಿಗೆ ಕಾಣುವುದು ಗೋಡೆ, ಎರಡು ಗಾರೆ ಆನೆ, ಒಂದು ಗಡಿಯಾರ. ಫೋಟೋ ತೆಗೆದುಕೊಂಡು ಹತ್ತೇ ನಿಮಿಷದಲ್ಲಿ ಹೊರಗೆ ಬರ್ತಾನೆ.

ಆ ಗೋಡೆಯೊಳಗೆ ಎಷ್ಟು ಕಥೆ ಇದೆ ನೋಡಿ. ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು. ಅದನ್ನು ಮರಳಿ ಪಡೆದವನು ದೊಡ್ಡವೀರರಾಜೇಂದ್ರ. ಒಳಗಿನ ಅರಮನೆಯನ್ನು 1812ರಿಂದ 1814ರವರೆಗೆ ಕಟ್ಟಿಸಿದವನು ಲಿಂಗರಾಜೇಂದ್ರ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಇಂಗ್ಲಿಷರು 1855ರಲ್ಲಿ ಅದೇ ಆವರಣದಲ್ಲಿ ಸೇಂಟ್ ಮಾರ್ಕ್ಸ್ ಚರ್ಚು ಕಟ್ಟಿದರು. ಆ ಚರ್ಚೇ ಮುಂದೆ ವಸ್ತುಸಂಗ್ರಹಾಲಯವಾಯಿತು. ಒಂದೇ ಗುಡ್ಡದ ಮೇಲೆ ನಾಲ್ಕು ಆಳ್ವಿಕೆಯ ಗುರುತು! ಹೇಳುವವರಿದ್ದರೆ ಹತ್ತು ನಿಮಿಷ ಸಾಲದು, ಒಂದು ಗಂಟೆಯೂ ಸಾಲದು.

ಓಂಕಾರೇಶ್ವರಕ್ಕೆ ಹೋದವರು ನಡುವಿನ ಗುಮ್ಮಟ, ನಾಲ್ಕು ಮೂಲೆಯ ಮಿನಾರು ನೋಡಿ "ಇದು ದೇವಸ್ಥಾನವೋ ಮಸೀದಿಯೋ?" ಎಂದು ಕೇಳುತ್ತಾರೆ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಶಿವಾಲಯ ಅದು. ರಾಜ ಕೊಲ್ಲಿಸಿದ ಬ್ರಾಹ್ಮಣ ಬ್ರಹ್ಮರಾಕ್ಷಸನಾಗಿ ಕಾಡಿದ, ಅದಕ್ಕೆ ಕಾಶಿಯಿಂದ ಲಿಂಗ ತರಿಸಿ ಪ್ರತಿಷ್ಠೆ ಮಾಡಿಸಿದ ಎನ್ನುವುದು ಊರಿನವರ ಬಾಯಲ್ಲಿರುವ ಕಥೆ. ಮಹದೇವಪೇಟೆ ದಾಟಿ ಮೇಲೆ ಹೋದರೆ ಗದ್ದುಗೆ. ಅಲ್ಲೂ ಗುಮ್ಮಟ, ಗುಮ್ಮಟದ ಮೂಲೆಯಲ್ಲಿ ನಂದಿ! ದೊಡ್ಡವೀರರಾಜೇಂದ್ರ, ರಾಣಿ ಮಹದೇವಮ್ಮ, ಲಿಂಗರಾಜೇಂದ್ರ ಅಲ್ಲಿ ಮಲಗಿದ್ದಾರೆ. ಟಿಪ್ಪುವಿನ ಸೈನ್ಯದ ವಿರುದ್ಧ ಹೋರಾಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಹತ್ತಿರದಲ್ಲೇ ಇದೆ. ಕೊನೆಯ ರಾಜ ಚಿಕ್ಕವೀರರಾಜೇಂದ್ರ ಮಾತ್ರ ಅಲ್ಲಿಲ್ಲ. ಗಡೀಪಾರಾಗಿ ಕಾಶಿಗೆ ಹೋಗಿ, ಅಲ್ಲಿಂದ 1852ರಲ್ಲಿ ಲಂಡನ್ನಿಗೆ ಹೋಗಿ, 1859ರಲ್ಲಿ ಅಲ್ಲೇ ಕಣ್ಣು ಮುಚ್ಚಿದ. ಮಾಸ್ತಿಯವರಿಗೆ 1983ರ ಜ್ಞಾನಪೀಠ ತಂದ ಕಾದಂಬರಿಯನ್ನು ಓದಿದವರು ರಾಜ್ಯದ ತುಂಬ ಇದ್ದಾರೆ. ಆ ಕಾದಂಬರಿಯ ಊರು ಇದೇ ಎಂದು ಅವರಿಗೆ ತೋರಿಸುವವರು ಬೇಡವೇ?

ಇನ್ನು ಸನ್ನಿಸೈಡ್. ಜನರಲ್ ತಿಮ್ಮಯ್ಯನವರು ಆಡಿ ಬೆಳೆದ ಮನೆ. ಒಂದು ಕಾಲಕ್ಕೆ ಅಲ್ಲಿ ಆರ್‌ಟಿಓ ಕಚೇರಿ ಇತ್ತು, ನಮ್ಮ ಹಳೇ ಆಟೋ ಚಾಲಕರಿಗೆ ಚೆನ್ನಾಗಿ ಗೊತ್ತು. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಎಷ್ಟು ಆಟೋಗಳು ಪ್ರವಾಸಿಗರನ್ನು ಅಲ್ಲಿಗೆ ಒಯ್ಯುತ್ತವೆ? ದಸರಾ ಹೊತ್ತಿಗೆ ಕರಗ ಹೊರಡುವ ನಾಲ್ಕು ಶಕ್ತಿದೇವತೆಗಳ ಗುಡಿಗಳಿವೆ: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿ, ಕೋಟೆ ಮಾರಿಯಮ್ಮ. ದಸರಾ ಮುಗಿದ ಮೇಲೆ ಬಂದವರಿಗೆ ಇವುಗಳ ಹೆಸರೂ ತಿಳಿಯೋದಿಲ್ಲ.

ಅಂಗಡಿಯವರ ಲೆಕ್ಕ

ಇದರಲ್ಲಿ ಅಂಗಡಿಯವರಿಗೇನು ಲಾಭ ಎಂದು ಕೇಳಬಹುದು. ಲಾಭ ಇರುವುದೇ ಇಲ್ಲಿ. ದೊಡ್ಡ ಬಸ್ಸಿನಲ್ಲಿ ಬಂದವರು ರಾಜಾಸೀಟಿನಲ್ಲಿ ಇಳಿದು, ಸೂರ್ಯ ಮುಳುಗುವುದನ್ನು ನೋಡಿ, ಮತ್ತೆ ಬಸ್ಸು ಹತ್ತಿ ಹೆದ್ದಾರಿ ಬದಿಯ ಯಾವುದೋ ಮಳಿಗೆಯಲ್ಲಿ ಕಾಫಿಪುಡಿ ಕೊಂಡು ಹೋಗುತ್ತಾರೆ. ಮಹದೇವಪೇಟೆಯ ಅಂಗಡಿಗೆ ಅವರು ಕಾಲಿಡೋದೇ ಇಲ್ಲ. ಇಡಬೇಕೆಂದರೂ ಬಸ್ಸು ನಿಲ್ಲಿಸಲು ಜಾಗವಿಲ್ಲ. ಆಟೋ ಹಾಗಲ್ಲ, ಎಲ್ಲಿ ಬೇಕಾದರೂ ನಿಲ್ಲುತ್ತದೆ. ಗದ್ದುಗೆಗೆ ಹೋಗುವ ದಾರಿಯೇ ಮಹದೇವಪೇಟೆ. ಅಲ್ಲಿ ಅರ್ಧ ಗಂಟೆ ಇಳಿಸಿದರೆ ಏಲಕ್ಕಿ, ಮೆಣಸು, ಜೇನು, ಕಾಫಿಪುಡಿ ವ್ಯಾಪಾರವಾಗುತ್ತದೆ. ಹೋಟೆಲಿನಲ್ಲಿ ನಾಲ್ಕು ಕಾಫಿ ಹೋಗುತ್ತದೆ.

ಒಂದು ಎಚ್ಚರ. ಕಮಿಷನ್ ಕೊಟ್ಟ ಅಂಗಡಿಗೇ ಗಿರಾಕಿ ಒಯ್ಯುವ ಪದ್ಧತಿ ಬಂತೋ, ಯೋಜನೆ ಅಲ್ಲಿಗೇ ಕೆಟ್ಟಿತು. ಪೇಟೆಯ ಬಾಯಲ್ಲಿ ಇಳಿಸಬೇಕು, ಯಾವ ಅಂಗಡಿ ಎಂದು ಗಿರಾಕಿಯೇ ಆರಿಸಬೇಕು. ಇದನ್ನು ವರ್ತಕರು ತಮ್ಮತಮ್ಮಲ್ಲೇ ಮಾತಾಡಿ ಗಟ್ಟಿ ಮಾಡಿಕೊಳ್ಳಬೇಕು.

ನಿತ್ಯದ ಪ್ರಯಾಣಿಕರ ಗತಿ?

ಇದಕ್ಕಿಂತ ಗಂಭೀರವಾದ ತಕರಾರು ಊರಿನವರದು. ನ್ಯಾಯವಾದ ತಕರಾರೇ. ಕೊನೆಯ ಬಸ್ಸಿನಲ್ಲಿ ಇಳಿದು ಸಾಮಾನಿನ ಚೀಲ ಹಿಡಿದು ನಿಂತ ಹೆಂಗಸಿಗೆ, ಆಸ್ಪತ್ರೆಗೆ ಹೋಗಬೇಕಾದ ಮುದುಕರಿಗೆ ರಜಾದಿನ ಆಟೋ ಸಿಗೋದು ಕಷ್ಟ. ಒಂದೂವರೆ ಕಿಲೋಮೀಟರಿನ ಬಾಡಿಗೆಗೆ ಯಾರು ಬರ್ತಾರೆ, ಊರು ಸುತ್ತಿಸುವ ಬಾಡಿಗೆ ಎದುರಿಗೇ ನಿಂತಿರುವಾಗ? ಪ್ರವಾಸಿಗೆ ಆಟೋ ಒದಗಿಸುವ ಭರದಲ್ಲಿ ಊರಿನವನನ್ನು ಮಳೆಯಲ್ಲಿ ನಿಲ್ಲಿಸುವುದಾದರೆ ಅಂಥ ಯೋಜನೆಯೇ ಬೇಡ ಎನ್ನುವವರಲ್ಲಿ ನಾವೇ ಮೊದಲಿಗರು.

ಪರಿಹಾರ ಇದೆ. ಊರು ತೋರಿಸುವ ಆಟೋಗಳಿಗೆ ಬೇರೆ ಗುರುತು, ಬೇರೆ ಸ್ಟ್ಯಾಂಡು, ಸಂಖ್ಯೆಗೆ ಮಿತಿ. ಉಳಿದವು ಎಂದಿನಂತೆ ಊರಿನ ಸೇವೆಗೆ. ಬೆಳಿಗ್ಗೆ ಶಾಲೆ ಕಚೇರಿ ಹೊತ್ತಿನಲ್ಲಿ, ಸಂಜೆ ಬಿಡುವ ಹೊತ್ತಿನಲ್ಲಿ ಯಾವ ಸುತ್ತಾಟವೂ ಹೊರಡಬಾರದು.

ಲಿಸ್ಬನ್ ಕಲಿಸುವ ಪಾಠ

ದೂರದ ಊರೊಂದರ ಉದಾಹರಣೆ ಕೊಡುತ್ತೇವೆ. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್. 1961ರವರೆಗೆ ನಮ್ಮ ಪಕ್ಕದ ಗೋವೆಯನ್ನು ಆಳಿದವರ ಊರು. ಏಳು ಗುಡ್ಡಗಳ ನಗರ ಎಂದೇ ಅದಕ್ಕೆ ಹೆಸರು. ಹಳೇ ಪೇಟೆ ಅಲ್ಫಾಮಾದ ಗಲ್ಲಿಗಳಲ್ಲಿ ದೊಡ್ಡ ಬಸ್ಸು ತೂರೋದಿಲ್ಲ. ಅಲ್ಲಿನವರು ಮಾಡಿದ್ದೇನು? ನಮ್ಮ ಆಟೋದಂಥದೇ ಮೂರು ಗಾಲಿಯ ಗಾಡಿ ತಂದರು. ತುಕ್‌ತುಕ್ ಅಂತಾರೆ. ಓಡಿಸುವವನೇ ಕಥೆ ಹೇಳುವವನು. ಜನ ಮುಗಿಬಿದ್ದರು.

ಆಮೇಲೆ? ಗಾಡಿಗಳ ಸಂಖ್ಯೆ ಮಿತಿ ಮೀರಿತು. ಬೀದಿ ಬೀದಿಯಲ್ಲಿ ಅಡ್ಡಾದಿಡ್ಡಿ ನಿಂತವು. ಮನೆ ಮುಂದೆ ಗದ್ದಲ, ಟ್ರಾಮಿಗೆ ಅಡ್ಡಿ ಎಂದು ಊರಿನವರು ರೇಗಿದರು. ಕೊನೆಗೆ 2025ರಲ್ಲಿ ಅಲ್ಲಿನ ನಗರಾಡಳಿತ ಮುನ್ನೂರಕ್ಕೂ ಹೆಚ್ಚು ಬೀದಿಗಳಲ್ಲಿ ತುಕ್‌ತುಕ್ ಓಡಾಟವನ್ನೇ ನಿಷೇಧಿಸಬೇಕಾಯಿತು. ಮೊದಲೇ ಮಿತಿ ಹಾಕಿದ್ದರೆ ಆಮೇಲೆ ಬಾಗಿಲು ಹಾಕುವ ಪ್ರಸಂಗ ಬರುತ್ತಿರಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಮಾಂದಲಪಟ್ಟಿ ಜೀಪುಗಳನ್ನೇ ನೋಡಿ. ಆ ದಾರಿಗೆ ಜೀಪೇ ಸರಿ, ಎಷ್ಟೋ ಕುಟುಂಬಗಳಿಗೆ ಅದರಿಂದ ಅನ್ನ ಸಿಕ್ಕಿದೆ. ಆದರೆ ದರದ ಬಗ್ಗೆ, ವೇಗದ ಬಗ್ಗೆ ದೂರುಗಳು ಕೇಳಿಬಂದದ್ದು ಗುಟ್ಟೇನಲ್ಲ. ಸಣ್ಣ ಗಾಡಿ ಎಂದ ಮಾತ್ರಕ್ಕೆ ತೊಂದರೆ ಸಣ್ಣದಾಗುವುದಿಲ್ಲ. ನಿಯಮ ಮೊದಲು ಬರಬೇಕು, ಗಾಡಿ ಆಮೇಲೆ ಹೊರಡಬೇಕು.

ಮಾಡಬೇಕಾದ್ದಿಷ್ಟು

ಒಂದು: ಮೋಟಾರು ವಾಹನ ಕಾಯ್ದೆಯಂತೆ ಆಟೋ ದರ ಗೊತ್ತುಮಾಡುವ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಮೂರು ಗಂಟೆಯ ಊರ ಸುತ್ತಿಗೆ ಕಾಯುವ ಹೊತ್ತೂ ಸೇರಿಸಿ ಒಂದೇ ದರ ನಿಗದಿಯಾಗಲಿ. ಚಾಲಕರ ಸಂಘದವರನ್ನು ಕೂರಿಸಿಕೊಂಡೇ ಆಗಲಿ. ದರಪಟ್ಟಿ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿರಲಿ.

ಎರಡು: ಇಷ್ಟಪಟ್ಟು ಮುಂದೆ ಬರುವ ಚಾಲಕರಿಗೆ ಪ್ರವಾಸೋದ್ಯಮ ಇಲಾಖೆ ತರಬೇತಿ ಕೊಡಲಿ. ಹಂಪಿಯಲ್ಲಿ ಇಲಾಖೆಯ ಗುರುತಿನ ಚೀಟಿ ಇರುವ ಮಾರ್ಗದರ್ಶಿಗಳಿದ್ದಾರೆ, ಇಲ್ಲೇಕೆ ಆಗದು? ಪಾಠ ಹೇಳಲು ಊರಿನ ಕಾಲೇಜುಗಳಲ್ಲಿ ಇತಿಹಾಸದ ಮೇಷ್ಟ್ರುಗಳಿದ್ದಾರೆ. ಚರಿತ್ರೆ ಯಾವುದು, ಊರವರ ಕಥೆ ಯಾವುದು ಎಂದು ಬೇರೆ ಮಾಡಿ ಹೇಳುವುದನ್ನು ಕಲಿಸಲಿ.

ಮೂರು: ದೊಡ್ಡ ಗಾಡಿಗಳಿಗೆ ಊರಿನ ಅಂಚಿನಲ್ಲಿ ನಿಲುಗಡೆ ಜಾಗ, ಅಲ್ಲೇ ಶೌಚಾಲಯ. ಇದು ನಗರಸಭೆಯ ಕೆಲಸ. ಜಾಗ ಆರಿಸುವಾಗ ಗುಡ್ಡ ಅಗೆದು ಸಮತಟ್ಟು ಮಾಡುವ ಚಾಳಿ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಏನಾಯಿತು ಎಂಬುದನ್ನು ಕಣ್ಣಾರೆ ಕಂಡ ಊರಿದು. ಆಗ ಕೆಲವು ವಾರ ಪ್ರವಾಸಿಗರು ಬರದೆ ಅಂಗಡಿಯವರು, ಆಟೋದವರು ಕೈಕಟ್ಟಿ ಕೂತದ್ದೂ ನೆನಪಿರಲಿ.

ನಾಲ್ಕು: ಮೂರಕ್ಕಿಂತ ಹೆಚ್ಚು ಜನರನ್ನು ತುಂಬಿದರೆ, ಹೆಚ್ಚು ದುಡ್ಡು ಕೇಳಿದರೆ ಗುರುತಿನ ಚೀಟಿ ವಾಪಸ್. ಹಾಗೆಯೇ ನಿಗದಿ ದರ ಕೊಡದೆ ಜಗಳ ತೆಗೆಯುವ ಪ್ರವಾಸಿಗೂ ಪೊಲೀಸರು ಬುದ್ಧಿ ಹೇಳಲಿ.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಬೆಂಗಳೂರಿನ ಅಪ್ಪಣೆಗೆ ಕಾಯಬೇಕಾದ್ದೂ ಹೆಚ್ಚಿಲ್ಲ. ಜಿಲ್ಲಾಡಳಿತ, ನಗರಸಭೆ, ಆಟೋ ಚಾಲಕರು, ವರ್ತಕರು ಒಂದು ಮಧ್ಯಾಹ್ನ ಒಂದೇ ಮೇಜಿನ ಸುತ್ತ ಕೂತರೆ ಮುಗಿಯುವ ಕೆಲಸ. ಮೊದಲು ಹತ್ತೇ ಆಟೋದಿಂದ ಶುರುವಾಗಲಿ, ಮೂರು ತಿಂಗಳು ನೋಡಲಿ. ಸರಿಹೋಗದಿದ್ದರೆ ನಿಲ್ಲಿಸಲು ಎಷ್ಟು ಹೊತ್ತು?

ಈ ಮಳೆಗಾಲ ಕಳೆದು ದಸರಾ ಬರುವುದರೊಳಗೆ ಸಂಬಂಧಪಟ್ಟವರು ಆ ಮೇಜು ಹಾಕಿಸಲಿ. ದಶಮಂಟಪ ನೋಡಲು ಜನಸಾಗರ ಬಂದ ಮೇಲೆ ದರಪಟ್ಟಿ ಬರೆಯಲು ಕೂತರೆ ಬರೆಯುವ ಕೈಗೂ ಜಾಗ ಸಿಗಲಾರದು.