ಕಾಲಿನ ಜೋಮು ಮತ್ತು ಬಿ-12

ಐವತ್ತು ದಾಟಿದವರಿರುವ ಮನೆಗಳಲ್ಲಿ ಈ ಮಾತುಗಳು ಆಗಾಗ ಕೇಳಿಬರುತ್ತವೆ: ‘ಅಂಗಾಲು ಉರಿಯುತ್ತದೆ’, ‘ಕಾಲಲ್ಲಿ ಇರುವೆ ಹರಿದಂತಾಗುತ್ತದೆ’, ‘ಚಪ್ಪಲಿ ಜಾರಿದ್ದೇ ತಿಳಿಯಲಿಲ್ಲ’. ವಾತವೆಂದೋ ವಯಸ್ಸೆಂದೋ ಎಣ್ಣೆ ತಿಕ್ಕಿ ಸುಮ್ಮನಾಗುತ್ತೇವೆ. ಆದರೆ ಇದರ ಹಿಂದೆ ಬಿ-12 ಜೀವಸತ್ವದ ಕೊರತೆ ಇರಬಹುದು. ಶಾಕಾಹಾರಿಗಳಾದ ನಾವು ಇದನ್ನು ಉಳಿದವರಿಗಿಂತ ಹೆಚ್ಚು ತಿಳಿದಿರಬೇಕು.

ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನಮ್ಮ ನರಗಳಿಗೂ ಮಯಲಿನ್ ಎಂಬ ಹೊದಿಕೆ ಇದೆ. ಬಿ-12 ಇಲ್ಲದೆ ಅದು ಕೆಡುತ್ತದೆ. ಮೊದಲು ಪಾದಗಳಲ್ಲಿ ಜುಮುಜುಮು, ಆಮೇಲೆ ಮರಗಟ್ಟುವಿಕೆ. ಬೆನ್ನುಹುರಿಗೆ ತಗಲಿದರೆ ನಡಿಗೆ ತಪ್ಪುತ್ತದೆ. ಕತ್ತಲಲ್ಲಿ ನಡೆಯುವಾಗ, ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂಗಾಡಿದರೆ ಅದು ಎಚ್ಚರಿಕೆಯ ಗಂಟೆ. ನಾಲಗೆ ಕೆಂಪಾಗಿ ನುಣುಪಾಗುವುದು, ಸುಸ್ತು, ಮರೆವು ಕೂಡ ಇದರ ಲಕ್ಷಣಗಳೇ.

ಬಿ-12ನ್ನು ಗಿಡಮರಗಳು ತಯಾರಿಸುವುದಿಲ್ಲ. ಜೋಳದ ರೊಟ್ಟಿ, ಬೇಳೆ, ಸೊಪ್ಪು, ಮೊಳಕೆಕಾಳು ಎಷ್ಟು ತಿಂದರೂ ಇದು ಸಿಗದು. ನಮಗಿರುವ ಮೂಲ ಹಾಲು, ಮೊಸರು, ಪನೀರು ಮಾತ್ರ. ದಿನಕ್ಕೆ ಬೇಕಾದುದು ಸುಮಾರು 2ರಿಂದ 2.5 ಮೈಕ್ರೊಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿರುವುದು ಸುಮಾರು 1 ಮೈಕ್ರೊಗ್ರಾಂ. ತುಪ್ಪದಲ್ಲಿ ಇಲ್ಲವೆಂದೇ ಹೇಳಬೇಕು. ನೀರು ಮಜ್ಜಿಗೆಯಲ್ಲಿ ಅತ್ಯಲ್ಪ. ಎರಡು ಹೊತ್ತಿನ ಚಹಾಕ್ಕೆ ಬಿದ್ದ ಹಾಲು ಸಾಲದು.

ಇಲ್ಲೇ ನಮ್ಮ ಸಮಾಜ ಯೋಚಿಸಬೇಕಾದ ವಿಷಯವಿದೆ. ರಸಪರಿತ್ಯಾಗ ಮಾಡಿ ಹಾಲು-ಮೊಸರನ್ನು ಬಿಟ್ಟ ಹಿರಿಯರು ನಮ್ಮಲ್ಲಿದ್ದಾರೆ. ಅವರ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. ಆದರೆ ಆ ದಿನದಿಂದ ಅವರ ಆಹಾರದಲ್ಲಿ ಬಿ-12 ಇರುವುದಿಲ್ಲ. ಪಿತ್ತಜನಕಾಂಗದಲ್ಲಿ ಸಂಗ್ರಹವಿದ್ದರೆ ಕೆಲವು ವರ್ಷ ಏನೂ ಆಗುವುದಿಲ್ಲ. ಆದ್ದರಿಂದಲೇ ಕಾಲು ಜೋಮು ಹಿಡಿದಾಗ ಯಾರಿಗೂ ಹಾಲು ಬಿಟ್ಟದ್ದು ನೆನಪಾಗುವುದಿಲ್ಲ. ಮನೆಯವರು ವೈದ್ಯರಿಗೆ ಇದನ್ನು ತಪ್ಪದೆ ಹೇಳಬೇಕು.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹುಳಿತೇಗಿಗೆಂದು ಓಮೆಪ್ರಜೋಲ್‌ನಂಥ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗುವವರಲ್ಲೂ ಬಿ-12 ಕಡಿಮೆಯಾಗಬಹುದು. ಹಾಗೆಂದು ಅವನ್ನು ತಾವಾಗಿ ನಿಲ್ಲಿಸಬಾರದು. ಸಕ್ಕರೆ ಕಾಯಿಲೆಯೂ ಕಾಲಿಗೆ ಜೋಮು ತರುವುದರಿಂದ ರಕ್ತಪರೀಕ್ಷೆಯಿಂದಲೇ ನಿಜ ತಿಳಿಯಬೇಕು.

ಬಾಣಂತಿಯರ ವಿಷಯ ಇನ್ನೂ ಮುಖ್ಯ. ತಾಯಿಯಲ್ಲಿ ಕೊರತೆಯಿದ್ದರೆ ಎದೆಹಾಲಿನಲ್ಲೂ ಕೊರತೆ. ಕೂಸು ಮಂಕಾಗುವುದು, ಮೈ ಕಪ್ಪಾಗುವುದು, ಕಲಿತ ಆಟಪಾಟ ಮರೆಯುವುದು, ಕೈಕಾಲು ನಡುಗುವುದು: ಇಂಥ ಶಿಶುಗಳನ್ನು ಕುರಿತು ವೆಲ್ಲೂರಿನ ವೈದ್ಯರು 1962ರಲ್ಲಿಯೇ ಬರೆದರು. ಬಸುರಿನಲ್ಲಿಯೇ ಪರೀಕ್ಷಿಸಿದರೆ ಇದನ್ನು ತಪ್ಪಿಸಬಹುದು.

‘ಬಿ-12 ಗುಳಿಗೆ ನಾವು ತೆಗೆದುಕೊಳ್ಳಬಹುದೇ?’ ಎಂಬ ಸಂದೇಹ ಸಹಜ. 1948ರಲ್ಲಿ ಇದನ್ನು ಪ್ರಾಣಿಯ ಪಿತ್ತಜನಕಾಂಗದಿಂದ ಬೇರ್ಪಡಿಸಿದ್ದು ನಿಜ. ಇಂದು ಇದನ್ನು ಬ್ಯಾಕ್ಟೀರಿಯಾಗಳ ಮೂಲಕ ಹುದುಗಿಸಿ ತಯಾರಿಸುತ್ತಾರೆ. ನೋಡಬೇಕಾದದ್ದು ಕ್ಯಾಪ್ಸೂಲಿನ ಹೊರಕವಚ. ಅದು ಪ್ರಾಣಿಜನ್ಯ ಜೆಲಟಿನ್ ಇರಬಹುದು. ಗುಳಿಗೆಯನ್ನೇ ಕೇಳಿ ಪಡೆಯಿರಿ. ಹಾಲು ಬಿಟ್ಟವರು ಲ್ಯಾಕ್ಟೋಸ್ ಸೇರಿದೆಯೇ ಎಂದೂ ವಿಚಾರಿಸಲಿ. ವ್ರತಿಗಳು ತಮ್ಮ ಗುರುಗಳಲ್ಲಿ ಈ ವಿಷಯ ಅರಿಕೆ ಮಾಡಿಕೊಳ್ಳಬಹುದು.

ಎರಡು ಎಚ್ಚರಿಕೆಗಳು. ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಒಳಗೆ ನರಗಳ ಹಾನಿ ಮುಂದುವರಿಯುತ್ತದೆ. ನರದ ಶಕ್ತಿಗೆಂದು ಅಂಗಡಿಯಲ್ಲಿ ಕೊಳ್ಳುವ ಮಿಶ್ರ ಗುಳಿಗೆಗಳಲ್ಲಿ ಬಿ-6 ಹೆಚ್ಚಿದ್ದು ಬಹುಕಾಲ ನುಂಗಿದರೆ ಅದೇ ನರಗಳನ್ನು ಕೆಡಿಸಬಲ್ಲದು. ಇನ್ನು ತೊಡೆ ಸೋತು, ನೆಲದಿಂದ ಏಳಲು ಗೋಡೆ ಹಿಡಿಯಬೇಕಾದರೆ ಡಿ ಜೀವಸತ್ವವನ್ನೂ ಪರೀಕ್ಷಿಸಿಕೊಳ್ಳಬೇಕು.

ಬೇಗ ಗುರುತಿಸಿದರೆ ಬಿ-12 ಕೊರತೆಗೆ ಔಷಧ ಸುಲಭ, ಖರ್ಚೂ ಕಡಿಮೆ. ತೀವ್ರವಾಗಿದ್ದರೆ ವೈದ್ಯರು ಚುಚ್ಚುಮದ್ದು ಕೊಡುತ್ತಾರೆ. ತಡಮಾಡಿದರೆ ಹೋದ ಸ್ಪರ್ಶ ಪೂರ್ತಿ ಮರಳದೆ ಇರಬಹುದು. ಆದ್ದರಿಂದ ಈ ತಿಂಗಳು ಮನೆಯ ಹಿರಿಯರನ್ನು ಹತ್ತಿರ ಕೂರಿಸಿಕೊಂಡು ‘ಕಾಲು ಜೋಮು ಹಿಡಿಯುತ್ತದೆಯೇ?’ ಎಂದು ಕೇಳಿರಿ. ತಾವಾಗಿ ಅವರು ಹೇಳುವವರಲ್ಲ.